ಐರಿಸ್ ಹೂವಿನ ಅಳತೆ ಮತ್ತು ವಂಶ: ಪಶ್ಚಿಮ ಬೆಂಗಳೂರಿನಿಂದ ಒಂದು ಸಂಶೋಧನಾ ಟಿಪ್ಪಣಿ

1. ಪ್ರಶ್ನೆ

ಅನ್ನಪೂರ್ಣೇಶ್ವರಿ ನಗರ, ನಾಗರಬಾವಿ, ಮಲ್ಲತ್ತಹಳ್ಳಿ, ಕೆಂಗೇರಿಗಳ ಸುತ್ತ ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಐರಿಸ್ ಎಂಬ ಹೂವಿನ ಹೆಸರು ಚೆನ್ನಾಗಿ ಗೊತ್ತು. ಆ ಹೂವನ್ನು ಕಣ್ಣಾರೆ ಕಂಡವರು ಮಾತ್ರ ಕಡಿಮೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2015 ಮತ್ತು 2018ರ ಸ್ಕೀಮ್‌ಗಳ ಮಷಿನ್ ಲರ್ನಿಂಗ್ ಲ್ಯಾಬ್‌ನಲ್ಲಿ ಒಂದು ಪ್ರೋಗ್ರಾಂ ಇತ್ತು. ಐರಿಸ್ ದತ್ತಾಂಶವನ್ನು ‘ಕೆ-ನಿಯರೆಸ್ಟ್ ನೇಬರ್’ ವಿಧಾನದಿಂದ ವರ್ಗೀಕರಿಸಬೇಕಿತ್ತು. ಸರಿಯಾದ ಊಹೆಗಳ ಜೊತೆಗೆ ತಪ್ಪಾದ ಊಹೆಗಳನ್ನೂ ಮುದ್ರಿಸಬೇಕಿತ್ತು. ಸಾವಿರಾರು ವಿದ್ಯಾರ್ಥಿಗಳು ಇದನ್ನು ಬರೆದು, ಓಡಿಸಿ, ಲ್ಯಾಬ್ ರೆಕಾರ್ಡ್‌ಗೆ ಸಹಿ ಹಾಕಿಸಿಕೊಂಡಿದ್ದಾರೆ.

ಮುದ್ರಿತವಾದ ತಪ್ಪುಗಳನ್ನು ಗಮನವಿಟ್ಟು ನೋಡಿದರೆ ಒಂದು ಕ್ರಮ ಕಾಣುತ್ತದೆ. ಹೂಗಳ ಅಳತೆಗಳ ಈ ಪಟ್ಟಿಯಲ್ಲಿ ಮೂರು ಪ್ರಭೇದಗಳಿವೆ: ಐರಿಸ್ ಸೆಟೋಸಾ, ಐರಿಸ್ ವರ್ಸಿಕಲರ್, ಐರಿಸ್ ವರ್ಜಿನಿಕಾ. ಸೆಟೋಸಾದ ವಿಷಯದಲ್ಲಿ ಯಂತ್ರ ಸಾಮಾನ್ಯವಾಗಿ ಎಡವುವುದಿಲ್ಲ. ತಪ್ಪುಗಳೆಲ್ಲ ವರ್ಸಿಕಲರ್ ಮತ್ತು ವರ್ಜಿನಿಕಾಗಳ ನಡುವೆಯೇ ಬೀಳುತ್ತವೆ. ಬೇರೆ ವಿಧಾನ ಬಳಸಿದರೂ ಹಾಗೆಯೇ. ಪ್ರತಿ ಹೂವಿನ ನಾಲ್ಕೂ ಅಳತೆಗಳನ್ನು ಬಳಸುವ ರೇಖೀಯ ವಿಭೇದಕ ವಿಧಾನವನ್ನು ಪೂರ್ತಿ ಪಟ್ಟಿಗೆ ಅನ್ವಯಿಸಿದಾಗ 150 ಹೂಗಳಲ್ಲಿ 3 ಮಾತ್ರ ತಪ್ಪು ಗುಂಪಿಗೆ ಹೋಗುತ್ತವೆ. ಎರಡು ವರ್ಸಿಕಲರ್ ಹೂಗಳು ವರ್ಜಿನಿಕಾ ಎನಿಸಿಕೊಳ್ಳುತ್ತವೆ, ಒಂದು ವರ್ಜಿನಿಕಾ ಹೂ ವರ್ಸಿಕಲರ್ ಎನಿಸಿಕೊಳ್ಳುತ್ತದೆ.

ತಪ್ಪುಗಳು ಅಲ್ಲಿಯೇ ಏಕೆ ಬೀಳುತ್ತವೆ ಎಂಬುದು ಈ ಟಿಪ್ಪಣಿಯ ಪ್ರಶ್ನೆ. ಈ ಎರಡು ಪ್ರಭೇದಗಳ ಅಳತೆಗಳು ಒಂದರ ಮೇಲೊಂದು ಬೀಳುವುದಕ್ಕೆ ಅವುಗಳ ರಕ್ತಸಂಬಂಧವೇ ಮುಖ್ಯ ಕಾರಣ ಎಂಬುದು ನನ್ನ ವಾದ. ಆ ಪಟ್ಟಿ ಹುಟ್ಟಿದ್ದೇ ವಂಶದ ಪ್ರಶ್ನೆಯೊಂದರಿಂದ. ಪ್ರಶ್ನೆಯನ್ನು ಬಿಟ್ಟು ಅಂಕಿಗಳನ್ನಷ್ಟೇ ಕಲಿಸಿದಾಗ ವಿದ್ಯಾರ್ಥಿಯ ಕೈಗೆ ಅರ್ಧ ವಿಜ್ಞಾನ ಮಾತ್ರ ಸಿಗುತ್ತದೆ. ಇದೇ ಬಗೆಯ ವಂಶಕಥೆಯುಳ್ಳ ಗಿಡ ನಮ್ಮ ಊಟದ ತಟ್ಟೆಯಲ್ಲೇ ಇದೆ. ಟಿಪ್ಪಣಿಯ ಕೊನೆಯ ಭಾಗ ಅದರ ಬಗ್ಗೆ.

2. ಆಂಡರ್ಸನ್ನರ ಹುಲ್ಲುಗಾವಲು, ಫಿಶರ್ ಅವರ ಲೆಕ್ಕ

ಐರಿಸ್ ಕುಲದಲ್ಲಿ ಸುಮಾರು 300 ಪ್ರಭೇದಗಳಿವೆ. ಭಾರತದ ಕಾಡು ಐರಿಸ್‌ಗಳು ಬಹುಪಾಲು ಹಿಮಾಲಯದವು. ನಮ್ಮ ಪಟ್ಟಿಯ ಮೂರೂ ಪ್ರಭೇದಗಳು ಉತ್ತರ ಅಮೆರಿಕದ ಜೌಗು ನೆಲಗಳಲ್ಲಿ ಬೆಳೆಯುತ್ತವೆ. ಇವುಗಳನ್ನು ಹಲವು ವರ್ಷ ಬೆನ್ನುಹತ್ತಿದವರು ಸೇಂಟ್ ಲೂಯಿಸ್ ನಗರದ ಮಿಸೌರಿ ಸಸ್ಯೋದ್ಯಾನದ ವಿಜ್ಞಾನಿ ಎಡ್ಗರ್ ಆಂಡರ್ಸನ್ (1897–1969). ಅಮೆರಿಕದ ನೀಲಿ ಐರಿಸ್‌ಗಳಲ್ಲಿ ವರ್ಸಿಕಲರ್ ಮತ್ತು ವರ್ಜಿನಿಕಾ ಎಂಬ ಎರಡು ಪ್ರಭೇದಗಳು ನಿಜಕ್ಕೂ ಇವೆಯೇ, ಇದ್ದರೆ ಒಂದರಿಂದ ಇನ್ನೊಂದು ಹೇಗೆ ಬಂತು ಎಂಬುದು ಅವರ ಪ್ರಶ್ನೆ. 1928ರಲ್ಲಿ ಮೊದಲ ದೊಡ್ಡ ಪ್ರಬಂಧ ಬಂತು. 1936ರಲ್ಲಿ ಐರಿಸ್ ಕುಲದ ಪ್ರಭೇದ ಸಮಸ್ಯೆಯನ್ನು ಕುರಿತ ಇನ್ನೊಂದು ಬಂತು.

ನಡುವೆ, 1935ರಲ್ಲಿ, ಕೆನಡಾದ ಕ್ವಿಬೆಕ್ ಪ್ರಾಂತದ ಗ್ಯಾಸ್ಪೆ ಪರ್ಯಾಯದ್ವೀಪದ ಐರಿಸ್‌ಗಳ ಬಗ್ಗೆ ಅವರು ಒಂದು ಚಿಕ್ಕ ಬರಹ ಪ್ರಕಟಿಸಿದರು. ಅಲ್ಲಿ ಸೆಟೋಸಾ ಮತ್ತು ವರ್ಸಿಕಲರ್ ಅಕ್ಕಪಕ್ಕದಲ್ಲೇ ಬೆಳೆಯುತ್ತಿದ್ದವು. ಒಂದೇ ಹುಲ್ಲುಗಾವಲಿನಿಂದ, ಒಂದೇ ದಿನ ಕೊಯ್ದ ಹೂಗಳನ್ನು ಒಬ್ಬರೇ ಒಂದೇ ಸಾಧನದಿಂದ ಅಳೆದರು. ಹವೆ, ಮಣ್ಣು, ಅಳೆಯುವ ಕೈ ಮೂರೂ ಒಂದೇ ಆದದ್ದರಿಂದ, ಉಳಿದ ವ್ಯತ್ಯಾಸವನ್ನು ಗಿಡದ್ದೇ ಎಂದು ಹೇಳಲು ಹೆಚ್ಚು ಧೈರ್ಯ ಬರುತ್ತದೆ.

ಅಳೆದದ್ದು ನಾಲ್ಕು: ಪುಷ್ಪಪತ್ರದ ಉದ್ದ, ಅಗಲ, ದಳದ ಉದ್ದ, ಅಗಲ. ಐರಿಸ್ ಹೂವಿನಲ್ಲಿ ಪುಷ್ಪಪತ್ರಗಳೇ ಅಗಲವಾಗಿ, ಬಣ್ಣ ತುಂಬಿ, ಹೊರಕ್ಕೆ ಬಾಗಿರುತ್ತವೆ. ದಳಗಳು ಅವುಗಳ ನಡುವೆ ನೆಟ್ಟಗೆ ನಿಲ್ಲುತ್ತವೆ. ಸೆಟೋಸಾದಲ್ಲಿ ಆ ದಳಗಳು ತೀರಾ ಕುಗ್ಗಿವೆ. ಯಂತ್ರಕ್ಕೆ ಸೆಟೋಸಾ ಸುಲಭವಾಗಿ ಸಿಗುವುದು ಇದರಿಂದಲೇ. ಅದರ ದಳ 1.0ರಿಂದ 1.9 ಸೆಂ.ಮೀ. ಉದ್ದವಿದ್ದರೆ, ವರ್ಸಿಕಲರ್ ದಳ 3.0ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಸಸ್ಯವರ್ಗೀಕರಣದಲ್ಲಿಯೂ ಸೆಟೋಸಾ ಬೇರೆ ಶ್ರೇಣಿಗೆ ಸೇರಿದ್ದು. ವರ್ಸಿಕಲರ್, ವರ್ಜಿನಿಕಾ ಎರಡೂ ಒಂದೇ ಶ್ರೇಣಿಯಲ್ಲಿವೆ. ಈ ಎರಡರ ಅಳತೆಗಳು ಪರಸ್ಪರ ಹಾಸುಹೊಕ್ಕಾಗಿವೆ. ವರ್ಸಿಕಲರ್ ದಳದ ಉದ್ದ 3.0ರಿಂದ 5.1, ವರ್ಜಿನಿಕಾದ್ದು 4.5ರಿಂದ 6.9. ಅಗಲದಲ್ಲಿ ವರ್ಸಿಕಲರ್ 1.0ರಿಂದ 1.8, ವರ್ಜಿನಿಕಾ 1.4ರಿಂದ 2.5.

ಆಂಡರ್ಸನ್ನರ ಅಳತೆಗಳನ್ನು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1936ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಬಳಸಿದರು. ಪ್ರತಿ ಪ್ರಭೇದದಿಂದ 50ರಂತೆ 150 ಹೂಗಳು. ಹಲವು ಅಳತೆಗಳಿಗೆ ತಕ್ಕ ತೂಕ ಕೊಟ್ಟು ಕೂಡಿಸಿ, ಎರಡು ಗುಂಪುಗಳು ಅತಿ ಸ್ಪಷ್ಟವಾಗಿ ಬೇರ್ಪಡುವಂತಹ ಒಂದೇ ಸಂಖ್ಯೆಯನ್ನು ಪಡೆಯುವ ದಾರಿಯನ್ನು ಅವರು ತೋರಿಸಿದರು. ಲ್ಯಾಬ್‌ನಲ್ಲಿ ಕಲಿಸುವ ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಫಿಶರ್ ಅವರ ಪ್ರಬಂಧ ಮುಗಿಯುವುದು ಇಲ್ಲಿಗಲ್ಲ.

3. ಒಂದಕ್ಕೆ ಎರಡು: ಅಳತೆಯೊಳಗಿನ ವರ್ಣತಂತು

ಸೆಟೋಸಾದ ಜೀವಕೋಶದಲ್ಲಿ 38 ವರ್ಣತಂತುಗಳಿವೆ; ಅದು ಎರಡು ಜೀನ್ ಕಂತೆಗಳ ದ್ವಿಗುಣಿತ. ವರ್ಜಿನಿಕಾದಲ್ಲಿ 70ರಿಂದ 72, ಅದು ಚತುರ್ಗುಣಿತ. ವರ್ಸಿಕಲರ್‌ನಲ್ಲಿ 108, ಅದು ಷಡ್ಗುಣಿತ. 38ಕ್ಕೆ 70 ಕೂಡಿಸಿದರೆ 108. ಎರಡು ಪ್ರಭೇದಗಳು ಸಂಕರಗೊಂಡು, ಆ ಸಂಕರದ ವರ್ಣತಂತುಗಳು ಇಮ್ಮಡಿಯಾಗಿ ವರ್ಸಿಕಲರ್ ಹುಟ್ಟಿತೆಂದರೆ ಲೆಕ್ಕ ಸರಿಯಾಗಿ ಕೂಡುತ್ತದೆ. 1934ರಲ್ಲಿ ವಿಜ್ಞಾನಿ ರ‍್ಯಾಂಡಾಲ್ಫ್ ಈ ವರ್ಣತಂತು ಸಂಖ್ಯೆಗಳನ್ನು ಕಂಡುಕೊಂಡಿದ್ದರು. ಸಂಕರದ ಸಾಧ್ಯತೆಯನ್ನು ಆಂಡರ್ಸನ್ ಸಸ್ಯಗಳ ಹೊರರೂಪ, ಹರಡುವಿಕೆಗಳ ಆಧಾರದಿಂದ ಬೆಳೆಸಿದರು.

ಹಾಗೆ ಹುಟ್ಟಿದ ಗಿಡದಲ್ಲಿ ಸೆಟೋಸಾದ ಎರಡು ಜೀನ್ ಕಂತೆಗಳಿಗೆ ವರ್ಜಿನಿಕಾದ ನಾಲ್ಕು ಕಂತೆಗಳಿರುತ್ತವೆ, ಅಂದರೆ ಒಂದಕ್ಕೆ ಎರಡು. ಹೊರರೂಪವೂ ಇದೇ ಪ್ರಮಾಣ ಪಾಲಿಸಿದರೆ ವರ್ಸಿಕಲರ್ ಆ ಎರಡರ ನಡುವೆ, ಸೆಟೋಸಾದಿಂದ ಎರಡು ಪಾಲು ದೂರ, ವರ್ಜಿನಿಕಾದಿಂದ ಒಂದು ಪಾಲು ದೂರ ನಿಲ್ಲಬೇಕು. ಫಿಶರ್ ನಾಲ್ಕು ಅಳತೆಗಳನ್ನು ಒಂದು ಸಂಖ್ಯೆಗಿಳಿಸಿ ನೋಡಿದಾಗ, ಸೆಟೋಸಾದಿಂದ ವರ್ಸಿಕಲರ್‌ಗಿರುವ ದೂರ, ವರ್ಜಿನಿಕಾದಿಂದ ಇರುವ ದೂರದ ಎರಡು ಪಟ್ಟಿಗಿಂತ ತುಸು ಹೆಚ್ಚೆಂದು ಕಂಡುಬಂತು.

ಇದನ್ನು ಯಾವ ವಿದ್ಯಾರ್ಥಿಯೂ ಕಾಗದದ ಮೇಲೆ ಪರೀಕ್ಷಿಸಬಹುದು. ಅಳತೆಗಳನ್ನು ಒಂದೊಂದಾಗಿ ತೆಗೆದುಕೊಂಡು ನಾನು ಲೆಕ್ಕ ಹಾಕಿದ್ದು ಹೀಗೆ. ದಳದ ಉದ್ದದ ಸರಾಸರಿ ಸೆಟೋಸಾದಲ್ಲಿ 1.46, ವರ್ಜಿನಿಕಾದಲ್ಲಿ 5.55 ಸೆಂ.ಮೀ. ಒಂದಕ್ಕೆ ಎರಡರ ಪ್ರಮಾಣದಲ್ಲಿ ವರ್ಸಿಕಲರ್ 4.19 ಇರಬೇಕು, ಇರುವುದು 4.26. ದಳದ ಅಗಲ 0.25 ಮತ್ತು 2.03, ನಿರೀಕ್ಷೆ 1.43, ಇರುವುದು 1.33. ಪುಷ್ಪಪತ್ರದ ಉದ್ದ 5.01 ಮತ್ತು 6.59, ನಿರೀಕ್ಷೆ 6.06, ಇರುವುದು 5.94. ಮೂರು ಅಳತೆಗಳು ನಿರೀಕ್ಷೆಯ ಹತ್ತಿರವೇ ಬಂದವು.

ನಾಲ್ಕನೆಯದು ಹಾಗೆ ಬರುವುದಿಲ್ಲ. ಪುಷ್ಪಪತ್ರದ ಅಗಲ ಸೆಟೋಸಾದಲ್ಲಿ 3.43, ವರ್ಜಿನಿಕಾದಲ್ಲಿ 2.97. ನಿರೀಕ್ಷೆ 3.13, ಆದರೆ ವರ್ಸಿಕಲರ್ ಅಳತೆ 2.77. ಎರಡೂ ಮೂಲ ಪ್ರಭೇದಗಳಿಗಿಂತ ಅದು ಕಿರಿದು. ಸಂಕರದ ರೂಪ ಎರಡು ಮೂಲಗಳ ಸರಾಸರಿಯಾಗಿಯೇ ಉಳಿಯಬೇಕಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಹುಟ್ಟಿದ ಮೇಲೆ ಸಾವಿರಾರು ತಲೆಮಾರು ಆ ಪ್ರಭೇದ ತನ್ನದೇ ದಾರಿಯಲ್ಲಿ ನಡೆದಿದೆ. ಇನ್ನೊಂದು ಕಾರಣವೂ ಉಂಟು. ಆಂಡರ್ಸನ್ ಮೂಲವೆಂದು ಗುರುತಿಸಿದ್ದು ಅಲಾಸ್ಕಾದ ಒಳನಾಡಿನ ಸೆಟೋಸಾ ಬಗೆಯನ್ನು. ಅಳತೆಗಳು ಬಂದದ್ದು ಪೂರ್ವ ಕರಾವಳಿಯ ಗ್ಯಾಸ್ಪೆಯ ಬಗೆಯಿಂದ. ಪಟ್ಟಿಯಲ್ಲಿರುವ ಸೆಟೋಸಾ ವರ್ಸಿಕಲರ್‌ನ ನೇರ ಮೂಲವಲ್ಲ, ಆ ಮೂಲದ ಹತ್ತಿರದ ನೆಂಟ.

ಅಳತೆಯಿಂದ ಹುಟ್ಟಿದ ಅನುಮಾನವನ್ನು ಡಿಎನ್ಎ ದೃಢಪಡಿಸಿದ್ದು ಬಹಳ ತಡವಾಗಿ. 2007ರಲ್ಲಿ ‘ಆನಲ್ಸ್ ಆಫ್ ಬಾಟನಿ’ ಪತ್ರಿಕೆಯಲ್ಲಿ ಲಿಮ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಎರಡೂ ಮೂಲ ಪ್ರಭೇದಗಳ ಡಿಎನ್ಎಗೆ ಬೇರೆ ಬೇರೆ ಗುರುತು ಹಚ್ಚಿ ವರ್ಸಿಕಲರ್‌ನ ವರ್ಣತಂತುಗಳ ಮೇಲೆ ಹಾಯಿಸಲಾಯಿತು. ಎರಡು ಮೂಲಗಳ ವರ್ಣತಂತುಗಳು ಬೇರೆ ಬೇರೆಯಾಗಿ ಕಂಡವು. ರೈಬೋಸೋಮಿನ ಆರ್‌ಎನ್‌ಎ ತಯಾರಿಸುವ ಮುಖ್ಯ ಜೀನುಗಳಲ್ಲಿ ಮಾತ್ರ ಸೆಟೋಸಾದ ಪಾಲು ಬಹುಪಾಲು ಅಳಿದು, ವರ್ಜಿನಿಕಾದ ಬಗೆಯೇ ಉಳಿದುಕೊಂಡಿತ್ತು. ವಂಶ ಕೂಡಿದ ಮೇಲೂ ಜೀನುಗಳ ಮಟ್ಟದಲ್ಲಿ ಅಳಿವು ಉಳಿವು ನಡೆದಿದೆ ಎಂದರ್ಥ.

ಈಗ ಲ್ಯಾಬ್‌ನ ತಪ್ಪು ಊಹೆಗಳಿಗೆ ಮರಳಬಹುದು. ವರ್ಸಿಕಲರ್‌ನ ವರ್ಣತಂತುಗಳಲ್ಲಿ ಮೂರರಲ್ಲಿ ಎರಡು ಪಾಲು ವರ್ಜಿನಿಕಾದ ಕಡೆಯಿಂದ ಬಂದವು. ಅಳತೆಗಳು ಆ ಕಡೆಗೆ ವಾಲಿ, ಅಂಚಿನ ಕೆಲವು ಹೂಗಳು ಗಡಿ ದಾಟುವುದು ಸಹಜ. ಯಂತ್ರ ಗೊಂದಲಗೊಳ್ಳುವ ಜಾಗ ಜೈವಿಕವಾಗಿ ಅರ್ಥವುಳ್ಳ ಜಾಗ.

4. ಪಟ್ಟಿಯಲ್ಲಿ ಇಲ್ಲದ ಸಂಗತಿಗಳು

ಇಷ್ಟು ಹೇಳಿದ ಮೇಲೆ ಎಚ್ಚರದ ಮಾತುಗಳೂ ಬೇಕು. ವರ್ಜಿನಿಕಾದ ಮಾದರಿ ಉಳಿದೆರಡರ ಜೊತೆ ಒಂದೇ ಹುಲ್ಲುಗಾವಲಿನಿಂದ ಬಂದದ್ದಲ್ಲ ಎಂದು ಫಿಶರ್ ಅವರೇ ಬರೆದಿದ್ದಾರೆ. ವರ್ಜಿನಿಕಾ ಮತ್ತು ವರ್ಸಿಕಲರ್ ನಡುವಿನ ವ್ಯತ್ಯಾಸದಲ್ಲಿ ಮಣ್ಣು, ನೀರು, ಹವೆಯ ಪಾಲು ಎಷ್ಟು, ಜೀನುಗಳ ಪಾಲು ಎಷ್ಟು ಎಂಬುದನ್ನು ಈ ಅಳತೆಗಳಿಂದ ಬಿಡಿಸಲಾಗದು. ಅದಕ್ಕೆ ಎರಡನ್ನೂ ಒಂದೇ ಮಡಿಯಲ್ಲಿ ಬೆಳೆಸಿ ಅಳೆಯಬೇಕು.

ಎರಡನೆಯದು, ಈ ಐರಿಸ್‌ಗಳು ಶುಂಠಿಯ ಹಾಗೆ ನೆಲದೊಳಗಿನ ಕಾಂಡದಿಂದ ಹರಡುತ್ತವೆ. ಒಂದೇ ಗಿಡ ವರ್ಷಗಳಲ್ಲಿ ದೊಡ್ಡ ಪೊದೆಯಾಗುತ್ತದೆ. ಒಂದು ಹುಲ್ಲುಗಾವಲಿನಿಂದ ಕೊಯ್ದ 50 ಹೂಗಳನ್ನು, ಜೀನುಗಳ ದೃಷ್ಟಿಯಿಂದ 50 ಬೇರೆ ಬೇರೆ ವ್ಯಕ್ತಿಗಳೆಂದು ಸುಮ್ಮನೆ ಎಣಿಸುವಂತಿಲ್ಲ.

ಮೂರನೆಯದು ಇನ್ನೂ ಮುಖ್ಯ. ವರ್ಸಿಕಲರ್ ಮತ್ತು ವರ್ಜಿನಿಕಾಗಳನ್ನು ಬೇರ್ಪಡಿಸುವಾಗ ಸಸ್ಯಶಾಸ್ತ್ರಜ್ಞರು ನೋಡುವ ಪ್ರಧಾನ ಲಕ್ಷಣಗಳೇ ಪಟ್ಟಿಯಲ್ಲಿಲ್ಲ. ಪುಷ್ಪಪತ್ರದ ಬುಡದಲ್ಲಿ ವರ್ಜಿನಿಕಾಕ್ಕೆ ನವಿರು ರೋಮವುಳ್ಳ ಗಾಢ ಹಳದಿ ಮಚ್ಚೆ ಇರುತ್ತದೆ. ವರ್ಸಿಕಲರ್‌ನಲ್ಲಿ ಆ ಜಾಗ ಹಸಿರು ಮಿಶ್ರಿತ ಹಳದಿ, ರೋಮವಿಲ್ಲ. ಬೀಜದ ಹೊರಮೈಯೂ ಬೇರೆ. ಸಂಖ್ಯೆಗಳಲ್ಲಿ ಮಸುಕಾಗಿ ಕಾಣುವ ಗಡಿ ಹೊಲದಲ್ಲಿ ಅಷ್ಟು ಮಸುಕಾಗಿರಬೇಕಿಲ್ಲ.

ಇಂದು ಬಳಸುವ ಪ್ರತಿಗಳಲ್ಲಿ ದೋಷವೂ ಸೇರಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ದತ್ತಾಂಶ ಭಂಡಾರದ ಮೂಲಕ ಹರಡಿದ ಪ್ರತಿಯಲ್ಲಿ ಸೆಟೋಸಾದ 35ನೆಯ ಮತ್ತು 38ನೆಯ ಹೂಗಳ ಅಂಕಿಗಳು ಫಿಶರ್ ಅಚ್ಚುಮಾಡಿದ್ದಕ್ಕಿಂತ ಬೇರೆ. ಅದರಿಂದ ಪುಷ್ಪಪತ್ರದ ಅಗಲದ ಸರಾಸರಿ 3.428ರ ಬದಲು 3.418 ಆಗುತ್ತದೆ. ಫಲಿತಾಂಶ ಕೆಡುವಷ್ಟು ದೊಡ್ಡ ವ್ಯತ್ಯಾಸವಲ್ಲ. ಆದರೂ ಮೂಲ ಪ್ರಬಂಧದ ಜೊತೆ ತಾಳೆ ನೋಡದ ಅಭ್ಯಾಸವನ್ನು ಅದು ಎತ್ತಿ ತೋರಿಸುತ್ತದೆ.

ಹೊರರೂಪ ಮತ್ತು ವಂಶ ಪೂರ್ತಿ ಬೇರೆ ದಿಕ್ಕಿಗೆ ತೋರಿಸಿದ ಉದಾಹರಣೆಯೂ ಈ ಕುಲದಲ್ಲೇ ಇದೆ. ಕಿತ್ತಳೆ ಬಣ್ಣದ, ಕೆಂಪು ಚುಕ್ಕೆಯ, ಆರು ಎಸಳೂ ಒಂದೇ ಬಗೆಯಾಗಿ ಅರಳುವ ಬೆಲಮ್‌ಕಾಂಡಾ ಎಂಬ ಉದ್ಯಾನದ ಗಿಡವನ್ನು ಬಹುಕಾಲ ಬೇರೆಯೇ ಕುಲವೆಂದು ಎಣಿಸಿದ್ದರು. ಡಿಎನ್ಎ ಪುರಾವೆ ಅದನ್ನು ಐರಿಸ್‌ಗಳ ನಡುವೆಯೇ ಇಟ್ಟಿತು. 2005ರಿಂದ ಅದರ ಹೆಸರು ಐರಿಸ್ ಡೊಮೆಸ್ಟಿಕಾ.

5. ಹೂವಿನ ಹಡಗಲಿಯ ಗಣಿತಜ್ಞ

ಫಿಶರ್ ಅವರ ವಿಧಾನಕ್ಕೆ ನಮ್ಮ ನಾಡಿನ ನಂಟೂ ಇದೆ. ಸಿ. ಆರ್. ರಾವ್ ಎಂದು ಜಗತ್ತು ಗುರುತಿಸುವ ಕಲ್ಯಂಪೂಡಿ ರಾಧಾಕೃಷ್ಣ ರಾವ್ ಹುಟ್ಟಿದ್ದು 1920ರ ಸೆಪ್ಟೆಂಬರ್ 10ರಂದು, ಇಂದಿನ ವಿಜಯನಗರ ಜಿಲ್ಲೆಯ ಹೂವಿನ ಹಡಗಲಿಯಲ್ಲಿ, ತೆಲುಗು ಮನೆಮಾತಿನ ಕುಟುಂಬದಲ್ಲಿ. ಕಲ್ಕತ್ತೆಯ ಭಾರತೀಯ ಸಾಂಖ್ಯಿಕ ಸಂಸ್ಥೆ ಸೇರಿದ ಅವರು, ಸುಡಾನಿನ ಜೆಬೆಲ್ ಮೋಯಾದಲ್ಲಿ ಸಿಕ್ಕ ಪ್ರಾಚೀನ ಅಸ್ಥಿಗಳ ಅಳತೆಗಳನ್ನು ವಿಶ್ಲೇಷಿಸಲು 1946ರಲ್ಲಿ ಕೇಂಬ್ರಿಜ್‌ಗೆ ಹೋದರು. ಫಿಶರ್ ಮಾರ್ಗದರ್ಶನದಲ್ಲೇ 1948ರಲ್ಲಿ ಪಿಎಚ್‌.ಡಿ. ಪಡೆದರು.

ಫಿಶರ್ ಮುಖ್ಯವಾಗಿ ಎರಡು ಗುಂಪುಗಳನ್ನು ಬೇರ್ಪಡಿಸುವ ದಾರಿ ತೋರಿಸಿದ್ದರು. ಅದನ್ನು ಹಲವು ಗುಂಪುಗಳಿಗೆ ವಿಸ್ತರಿಸಿದ್ದು ಜೈವಿಕ ವರ್ಗೀಕರಣವನ್ನು ಕುರಿತ ರಾವ್ ಅವರ 1948ರ ಪ್ರಬಂಧ. ಅದರ ಹಿಂದೆ ಸಂಖ್ಯಾಶಾಸ್ತ್ರಜ್ಞ ಪಿ. ಸಿ. ಮಹಲನೋಬಿಸ್ ಅವರ ಕೊಡುಗೆಯಿದೆ. ಫಿಶರ್ ಪ್ರಬಂಧ ಬಂದ 1936ರಲ್ಲೇ ಅವರು, ಅಳತೆಗಳ ಪರಸ್ಪರ ಸಂಬಂಧವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಎರಡು ಗುಂಪುಗಳ ಅಂತರ ಹೇಳುವ ‘ಡಿ-ವರ್ಗ’ವನ್ನು ವಿವರಿಸಿದ್ದರು. ಮಹಲನೋಬಿಸ್ ಕಟ್ಟಿದ ಭಾರತೀಯ ಸಾಂಖ್ಯಿಕ ಸಂಸ್ಥೆಯ ಬೆಂಗಳೂರು ಕೇಂದ್ರ ಅನ್ನಪೂರ್ಣೇಶ್ವರಿ ನಗರದಿಂದ ದೂರವೇನಿಲ್ಲ; ಮೈಸೂರು ರಸ್ತೆಯಲ್ಲಿದೆ. ರಾವ್ 2023ರಲ್ಲಿ ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಪಡೆದು, ಅದೇ ವರ್ಷದ ಆಗಸ್ಟ್ 22ರಂದು ತೀರಿಕೊಂಡರು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಫಿಶರ್ ಪ್ರಬಂಧ ಅಚ್ಚಾದದ್ದು ‘ಆನಲ್ಸ್ ಆಫ್ ಯುಜೆನಿಕ್ಸ್’ ಎಂಬ ಪತ್ರಿಕೆಯಲ್ಲಿ. ಮನುಷ್ಯರನ್ನು ಮೇಲು ಕೀಳೆಂದು ವಿಂಗಡಿಸಿ ಸಂತಾನವನ್ನು ನಿಯಂತ್ರಿಸಬೇಕೆಂಬ ಆ ವಿಚಾರಧಾರೆಯನ್ನು ಫಿಶರ್ ಬೆಂಬಲಿಸಿದ್ದರು. ಆ ಕಾರಣಕ್ಕೆ ಹಲವು ಶಿಕ್ಷಕರು 2020ರಿಂದ ಐರಿಸ್ ಬದಲು ಅಂಟಾರ್ಕ್ಟಿಕಾದ ಪೆಂಗ್ವಿನ್‌ಗಳ ದತ್ತಾಂಶ ಬಳಸುತ್ತಿದ್ದಾರೆ. ಪಟ್ಟಿಯನ್ನು ಉಳಿಸಿಕೊಳ್ಳುವವರು ಅದರ ಚರಿತ್ರೆಯನ್ನೂ ಸೇರಿಸಿ ಕಲಿಸಬೇಕು. ಹೊರ ಅಳತೆಯಿಂದ ವಂಶದ ಬಗ್ಗೆ ಆತುರದ ತೀರ್ಮಾನಕ್ಕೆ ಬಂದರೆ ಎಂತಹ ಅನ್ಯಾಯಕ್ಕೆ ದಾರಿಯಾಗುತ್ತದೆ ಎಂಬ ಪಾಠ ಆ ಚರಿತ್ರೆಯಲ್ಲಿದೆ.

6. ರಾಗಿ ಮತ್ತು ಅದರ ದಾಯಾದಿ

ಐರಿಸ್ ನಮ್ಮಲ್ಲಿ ಕಾಡಿನಲ್ಲಿ ಸಿಗದು. ಆದರೆ ಎರಡು ಪ್ರಭೇದಗಳು ಕೂಡಿ, ವರ್ಣತಂತು ಇಮ್ಮಡಿಯಾಗಿ ಮೂರನೆಯದು ಹುಟ್ಟಿದ ಕಥೆ ಹಳೆ ಮೈಸೂರು ಸೀಮೆಗೆ ತೀರಾ ಹತ್ತಿರದ್ದು. ರಾಗಿ ಅಂತಹ ಗಿಡ. ಅದರಲ್ಲಿ 36 ವರ್ಣತಂತುಗಳಿವೆ. ಎ ಮತ್ತು ಬಿ ಎಂಬ ಎರಡು ಮೂಲಗಳ ಜೀನ್ ಕಂತೆಗಳು ಅದರಲ್ಲಿ ಸೇರಿವೆ. ಎ ಕಂತೆ ಎಲ್ಯೂಸಿನ್ ಇಂಡಿಕಾ ಎಂಬ 18 ವರ್ಣತಂತುಗಳ ಹುಲ್ಲಿನ ಕಡೆಯಿಂದ ಬಂದದ್ದೆಂದು ಹಲವು ಬಗೆಯ ಪುರಾವೆಗಳು ಹೇಳುತ್ತವೆ. ಬಿ ಕಂತೆ ಕೊಟ್ಟ ಗಿಡ ಯಾವುದೆಂಬುದು ವಿಜ್ಞಾನಿಗಳಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಬೇಸಾಯಕ್ಕೆ ಬಂದ ರಾಗಿಯ ನೇರ ಪೂರ್ವಜ ಆಫ್ರಿಕಾದ ಕಾಡು ರಾಗಿ. ಅದರಲ್ಲಿಯೂ 36 ವರ್ಣತಂತುಗಳೇ. ಪೂರ್ವ ಆಫ್ರಿಕಾದ ಎತ್ತರದ ನಾಡುಗಳಿಂದ ಈ ಬೆಳೆ ನಮ್ಮಲ್ಲಿಗೆ ಬಂತು.

ಎಲ್ಯೂಸಿನ್ ಇಂಡಿಕಾ ಬೆಂಗಳೂರಿನಲ್ಲಿ ಕಳೆಯಾಗಿ ಬೆಳೆಯುತ್ತದೆ. ಅನ್ನಪೂರ್ಣೇಶ್ವರಿ ನಗರದಂತಹ ಬಡಾವಣೆಯ ಖಾಲಿ ಸೈಟುಗಳಲ್ಲಿ, ಚರಂಡಿಯ ಅಂಚಿನಲ್ಲಿ ಮಳೆಗಾಲದಲ್ಲಿ ಇದನ್ನು ಹುಡುಕಬಹುದು: ಚಪ್ಪಟೆ ಬುಡದ, ತುದಿಯಲ್ಲಿ ಸಣ್ಣ ಬೆರಳುಗಳಂತೆ ಕವಲೊಡೆದ ತೆನೆಯ ಹುಲ್ಲು. ಮಾಗಡಿ ರಸ್ತೆಯಲ್ಲಿ ತಾವರೆಕೆರೆಯ ಕಡೆ ಹೋದರೆ ರಾಗಿ ಹೊಲಗಳು ಸಿಗುತ್ತವೆ. ಎರಡೂ ತೆನೆಗಳನ್ನು ಒಟ್ಟಿಗೆ ಹಿಡಿದು ನೋಡಿದರೆ ನೆಂಟಸ್ತಿಕೆ ಕಣ್ಣಿಗೇ ಕಾಣುತ್ತದೆ. ಭೇದವೂ ಕಾಣುತ್ತದೆ: ಹುಲ್ಲಿನ ಕಾಳು ಮಾಗಿದಂತೆ ಉದುರುತ್ತದೆ, ರಾಗಿಯ ಕಾಳು ಒಕ್ಕುವ ತನಕ ತೆನೆಯಲ್ಲೇ ನಿಲ್ಲುತ್ತದೆ.

ರಾಗಿಯೊಳಗಿನ ವೈವಿಧ್ಯಕ್ಕೂ ಅಳತೆಯ ಚರಿತ್ರೆಯಿದೆ. ತೆನೆಯ ಬೆರಳುಗಳು ಬಿಚ್ಚಿಕೊಂಡಿವೆಯೇ, ಉದ್ದವೇ, ಮುಷ್ಟಿಯಂತೆ ಒಳಕ್ಕೆ ಮಡಚಿವೆಯೇ ಎಂಬುದರ ಮೇಲೆ ಬೇಸಾಯದ ರಾಗಿಯನ್ನು ಬಗೆಗಳಾಗಿ ವಿಂಗಡಿಸಿದ್ದಾರೆ. ಕೃಷಿ ವಿಶ್ವವಿದ್ಯಾಲಯಗಳ ತಳಿ ಅಭಿವೃದ್ಧಿ ವಿಭಾಗಗಳಲ್ಲಿ, ತಳಿಗಳ ನಡುವಿನ ಅಂತರ ಅಳೆಯಲು ಮಹಲನೋಬಿಸ್ ಅವರ ಡಿ-ವರ್ಗ ದಶಕಗಳಿಂದ ಬಳಕೆಯಲ್ಲಿದೆ. ಗುಂಪು ಮಾಡಲು ಅನುಸರಿಸುವುದು ಬಹುಪಾಲು ರಾವ್ ತಮ್ಮ 1952ರ ಪುಸ್ತಕದಲ್ಲಿ ವಿವರಿಸಿದ ಟಾಕರ್ ವಿಧಾನ. ದೂರದ ಗುಂಪುಗಳಿಂದ ಜೋಡಿ ಆರಿಸಿ ಸಂಕರಿಸಿದರೆ ಹೆಚ್ಚು ವೈವಿಧ್ಯ ಸಿಗಬಹುದೆಂಬುದು ಅದರ ಹಿಂದಿನ ನಿರೀಕ್ಷೆ.

ದೂರದ ತಳಿಗಳನ್ನು ಕೂಡಿಸುವುದರ ಬೆಲೆಯನ್ನು ಕರ್ನಾಟಕ ಚೆನ್ನಾಗಿ ಬಲ್ಲದು. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ‘ರಾಗಿ ಲಕ್ಷ್ಮಣಯ್ಯ’ ಆಫ್ರಿಕಾದ ತಳಿಗಳನ್ನು ಇಲ್ಲಿಯ ತಳಿಗಳೊಂದಿಗೆ ಸಂಕರಿಸಿ ಇಂಡಾಫ್ ಸರಣಿಯನ್ನು ರೂಪಿಸಿದರು. ರಾಗಿಯ ಹೂ ಅತಿ ಸಣ್ಣದು, ತನ್ನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುವಂಥದ್ದು. ಅದರಲ್ಲಿ ಸಂಕರ ಮಾಡುವುದು ಅಪಾರ ತಾಳ್ಮೆಯ ಕೆಲಸ. ಮುಂದೆ 2017ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ಮತ್ತು ಸಂಗಡಿಗರು ಎಂಎಲ್-365 ತಳಿಯ ಜೀನೋಮನ್ನು ಪ್ರಕಟಿಸಿ, 85,000ಕ್ಕೂ ಹೆಚ್ಚು ಜೀನುಗಳನ್ನು ಗುರುತಿಸಿದರು. ತೆನೆಯ ಅಳತೆ ಮತ್ತು ಜೀನುಗಳ ಪಟ್ಟಿ ಎರಡನ್ನೂ ಒಟ್ಟಿಗೆ ಓದುವುದಕ್ಕೆ ಈಗ ಈ ಊರಿನಲ್ಲೇ ಸಾಮಗ್ರಿ ಇದೆ.

7. ನಿಲುವು ಮತ್ತು ಸಲಹೆ

ಮೇಲಿನ ಚರ್ಚೆಯಿಂದ ನಾನು ಮೂರು ನಿಲುವುಗಳಿಗೆ ಬರುತ್ತೇನೆ. ಹತ್ತಿರದ ಪ್ರಭೇದಗಳ ನಡುವೆ ಅಳತೆಗಳು ಕಲಸಿಹೋದರೆ, ಅಲ್ಲಿ ಸಂಕರ ಅಥವಾ ಸಮಾನ ಪೂರ್ವಜರ ಸಾಧ್ಯತೆಯನ್ನು ಮೊದಲು ವಿಚಾರಿಸಬೇಕು. ಅಳತೆ ಆ ಸಾಧ್ಯತೆಯನ್ನು ಸೂಚಿಸಬಲ್ಲದು. ಖಚಿತಪಡಿಸಲು ವರ್ಣತಂತು ಮತ್ತು ಡಿಎನ್ಎ ಬೇಕು. ಎಲ್ಲಿ, ಯಾವ ಮಣ್ಣಿನಲ್ಲಿ, ಯಾವ ಗಿಡದಿಂದ ಎಂಬ ವಿವರವಿಲ್ಲದ ಅಳತೆಯಿಂದ ಜೀನುಗಳ ಬಗ್ಗೆ ಏನನ್ನೂ ಹೇಳಬಾರದು.

ಲ್ಯಾಬ್ ನಡೆಸುವವರಿಗೆ ಸಲಹೆ ಸರಳ. ತಪ್ಪು ಊಹೆಗಳನ್ನು ಮುದ್ರಿಸಿದ ಮೇಲೆ, ಅವು ಯಾವ ಎರಡು ಪ್ರಭೇದಗಳ ನಡುವೆ ಬಿದ್ದವು, ಆ ಪ್ರಭೇದಗಳ ವರ್ಣತಂತು ಸಂಖ್ಯೆ ಎಷ್ಟು, ಒಂದಕ್ಕೆ ಎರಡರ ನಿರೀಕ್ಷೆಗೆ ಯಾವ ಅಳತೆ ಒಪ್ಪುವುದಿಲ್ಲ ಎಂದು ರೆಕಾರ್ಡ್‌ನಲ್ಲಿ ಬರೆಸಬೇಕು. ಇದಕ್ಕೆ ಅರ್ಧ ಗಂಟೆ ಸಾಕು.

ಜೀವವಿಜ್ಞಾನ ಮತ್ತು ಕಂಪ್ಯೂಟರ್ ವಿಭಾಗಗಳು ಕೈಜೋಡಿಸಿದರೆ ನಮ್ಮದೇ ಪಟ್ಟಿಯೊಂದನ್ನು ಮಾಡಬಹುದು. ಖಾಲಿ ಸೈಟಿನ ಎಲ್ಯೂಸಿನ್ ಇಂಡಿಕಾ ಮತ್ತು ಹೊಲದ ರಾಗಿಯ ಹಲವು ತಳಿಗಳಿಂದ ತೆನೆಯ ಬೆರಳುಗಳ ಸಂಖ್ಯೆ, ಬೆರಳಿನ ಉದ್ದ, ಅಗಲ, ಎಲೆಯ ಅಗಲ ಅಳೆಯಬೇಕು; ಪ್ರತಿ ಗಿಡದ ಜಾಗ ಮತ್ತು ದಿನಾಂಕ ಬರೆದಿಡಬೇಕು. ಬಳಿಕ ಎಲ್ಲದರ ಬೀಜವನ್ನು ಒಂದೇ ಮಣ್ಣಿನಲ್ಲಿ ಬಿತ್ತಿ, ಮತ್ತೊಮ್ಮೆ ಅಳೆಯಬೇಕು. ಎರಡು ಸಲದ ಅಂಕಿಗಳಲ್ಲಿ ಯಾವ ವ್ಯತ್ಯಾಸ ಉಳಿಯಿತೋ ಅದರ ಬೇರು ಜೀನುಗಳಲ್ಲಿದೆ ಎಂದು ನಂಬಲು ಆಗ ಆಧಾರ ಸಿಗುತ್ತದೆ. ಈ ಶಿಸ್ತು ಕಲಿತ ವಿದ್ಯಾರ್ಥಿ ಮುಂದೆ ತಳಿ ಆಯ್ಕೆಯ ದತ್ತಾಂಶದ ಮುಂದೆ ಕುಳಿತಾಗ, ಗುಂಪು ಮಾಡುವ ಮೊದಲು ಆ ಅಂಕಿಗಳು ಬಂದ ಹೊಲವನ್ನು ವಿಚಾರಿಸುತ್ತಾನೆ. ಹಾಗೆ ವಿಚಾರಿಸಿ ಆರಿಸಿದ ಬೀಜವೇ ರೈತರ ಕೈ ಸೇರಬೇಕು.